ಬಲೆಯ ಕಣ್ಣು

ಗುಲಾಬಿ ಬಾನಾವಳಿಕರ, ಅರವತ್ತೆಂಟು, ಬೈತಕೋಲ.
ತೊಡೆಮೂಳೆಯ ತಲೆ, ಒಂದು. ಡಬ್ಬಿಯ ಮೇಲೆ ಬರೆದದ್ದು ಇಷ್ಟೇ.

ಗರಗಸದಲ್ಲಿ ಬಿಲ್ಲೆ ಕೊಯ್ದು ಆಮ್ಲಕ್ಕೆ ಹಾಕಿದೆ.
ಆಮ್ಲ ಅವಸರ ಮಾಡುವುದಿಲ್ಲ. ದಿನಾ ಬೆಳಿಗ್ಗೆ
ಗುಂಡುಸೂಜಿ ಚುಚ್ಚಿ ನೋಡುತ್ತೇನೆ, ಇಡ್ಲಿ ಬೆಂದಿತೋ ಎಂಬಂತೆ.
ಆರನೆಯ ದಿನ ಸೂಜಿ ಸಲೀಸಾಗಿ ಇಳಿಯಿತು:
ಸುಣ್ಣವೆಲ್ಲ ಕರಗಿ ಉಳಿದದ್ದು ನಾರು,
ಬೆರಳ ನಡುವೆ ಬಾಗುತ್ತದೆ, ನೆನೆದ ಕೊಬ್ಬರಿಯ ಹಾಗೆ.

ಮೇಣ, ಅಲಗು, ಬಣ್ಣ.
ಮಸೂರದ ಕೆಳಗೆ ಗುಲಾಬಿ ನಿಜಕ್ಕೂ ಗುಲಾಬಿ.

ಕಟ್ಟುವ ಕೋಶಗಳು ಅಂಚಿಗುಂಟ ಸಾಲಾಗಿ ಕೂತಿವೆ.
ಕೆಲವು, ಕಟ್ಟುತ್ತ ಕಟ್ಟುತ್ತ,
ತಾವೇ ಕಟ್ಟಿದ ಗೋಡೆಯೊಳಗೆ ಸಿಕ್ಕಿಬಿದ್ದವು.
ಸಿಕ್ಕಿಬಿದ್ದವೇ ಈಗ ಕಾವಲುಗಾರರು:
ಗೂಡಿನಿಂದ ಗೂಡಿಗೆ ಕೂದಲಿಗಿಂತ ತೆಳ್ಳನೆ ಕೈ ಚಾಚಿ
ಭಾರ ಬಂತು, ಭಾರ ಬಂತು, ಎಂದು
ಪಕ್ಕದವರಿಗೆ ಹೇಳುವುದು ಅವರ ಕೆಲಸ.
ಆಚೆ ತಿನ್ನುವ ಕೋಶ. ದಪ್ಪಗೆ, ಸೀತಾಫಲದಂತೆ ಹೊಟ್ಟೆ ತುಂಬ ಬೀಜ,
ತಾನೇ ತಿಂದು ಮಾಡಿದ ಗುಳಿಯಲ್ಲಿ ಕೂತಿದೆ.
ದುಷ್ಟನೇನಲ್ಲ. ಮಳೆಗಾಲದ ಕಾಳಿ
ಒಂದು ದಡದ ಮರಳು ತಿಂದು ಇನ್ನೊಂದಕ್ಕೆ ಉಗುಳುವ ಹಾಗೆ
ತಿಂದಷ್ಟು ಕಟ್ಟಿದರೆ ಎಲುಬಿಗೆ ವಯಸ್ಸೇ ಇಲ್ಲ.
ಲೆಕ್ಕ ತಪ್ಪುವುದು ಮುಟ್ಟು ನಿಂತ ಮೇಲೆ.

ನಲವತ್ತನೆಯ ದಿನ ವಾಕರ್ ಕುಟ್ಟುತ್ತ ಅವಳೇ ಬಂದಳು.
"ನನ್ನ ಎಲುಬು ಕೊಡು. ನಂದೇ ಅಲ್ದಾ?"
ಕೊಡುವಂತಿಲ್ಲ ಎಂದೆ. ನಿಯಮ ಎಂದೆ. ಹೋಗಲಿಲ್ಲ.
ಸ್ಟೂಲು ಎಳೆದು ಕೂಡಿಸಿ ಮಸೂರಕ್ಕೆ ಕಣ್ಣು ಹಚ್ಚಿಸಿದೆ.

ಬಹಳ ಹೊತ್ತು ಮಾತಿಲ್ಲ.
ಐವತ್ತು ವರ್ಷ ತಲೆಯ ಮೇಲೆ ಬುಟ್ಟಿ, ಬಂಗಡೆ, ತಾರ್ಲೆ,
ಕಿವಿಯ ಹಿಂದಿನಿಂದ ಬೆನ್ನಿಗಿಳಿದ ಐಸಿನ ನೀರು;
ಆ ಭಾರ ಇಳಿದ ದಾರಿಯಲ್ಲೇ ಈ ಎಳೆಗಳು ನಿಂತಿವೆ
ಎಂದು ಹೇಳಬೇಕೆಂದಿದ್ದೆ. ಅವಳೇ ಬಾಯಿ ಬಿಟ್ಟಳು:

"ಇದು ಬಲೆ."
ಆಮೇಲೆ: "ಕಣ್ಣು ದೊಡ್ಡ ಆಗ್ಬಿಟ್ಟದೆ. ಅಲ್ಲಲ್ಲಿ ದಾರನೂ ಹರ್ದದೆ.
ಇದ್ರಲ್ಲಿ ತಾರ್ಲೆನೇ ನಿಲ್ಲೂದಿಲ್ಲ, ನಾ ಹ್ಯಾಂಗೆ ನಿಲ್ಲೂದು?"
ಡಾಕ್ಟರ ವರದಿ ಎರಡು ಪುಟ.
ಇದಕ್ಕಿಂತ ಹೆಚ್ಚೇನೂ ಅದರಲ್ಲಿರಲಿಲ್ಲ.

"ಸುಣ್ಣ ಎಲ್ಲಿ ಹೋಯ್ತು?"
ಸಿಂಕಿಗೆ ಸುರಿದೆ.
"ಅಲ್ಲಿಂದ?" ಗಟಾರ. "ಅಲ್ಲಿಂದ?"
ನಾನು ಕಿಟಕಿಯ ಕಡೆ ನೋಡಿದೆ.
"ಹಾಗಾರೆ ಬೆಳಚಿಗೆ ಆಯ್ತು. ಚಿಪ್ಪು ಕಟ್ಕಳ್ಲಿ."

ಎದ್ದಳು. ಬಾಗಿಲಲ್ಲಿ ನಿಂತು, ತಿರುಗದೆ,
ಆ ಬಣ್ಣ ಹಾಕಿದ್ದು ಯಾರು ಎಂದು ಕೇಳಿದಳು.
ನಾನೇ ಎಂದೆ.
"ಚಂದ ಅದೆ."