ಹೊರಜಗ್ಗು

ಬೇತಮಂಗಲದ ಪಂಪ್‌ಹೌಸಿನ ಹಿಂದೆ, ಶೆಡ್ಡಿನಲ್ಲಿ
ಮಗುಚಿ ಹಾಕಿದ್ದ ದೋಣಿಯನ್ನು
ಆರು ವರ್ಷ ನಾನು ಬೆಂಚು ಅಂತಲೇ ತಿಳಿದಿದ್ದೆ.
ಅದರ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆ,
ನೀರಿನ ಮಟ್ಟ ಬರೆಯುತ್ತಿದ್ದೆ:
ಇಂದು ಇಷ್ಟು ಅಡಿ, ನಿನ್ನೆಗಿಂತ ಎರಡಂಗುಲ ಕಡಿಮೆ.

ಈ ಸಲ ಕೆರೆ ಕೋಡಿ ಬಿತ್ತು.
ಶೆಡ್ಡಿಗೂ ನೀರು ನುಗ್ಗೀತೆಂದು ಬೆಂಚು ಎತ್ತಿದರೆ
ಅಡಿಯಲ್ಲಿ ಹಾವಿನ ಪೊರೆ, ಉದ್ದನೆಯ ತೇಗದ ತೊಲೆ,
ಜಮಖಾನದಲ್ಲಿ ಸುತ್ತಿಟ್ಟ ಹಾಯಿ,
ಮತ್ತೊಂದು ಬಿಸ್ಕತ್ತಿನ ಡಬ್ಬಿ.
ಡಬ್ಬಿಯ ತುಂಬ ಹಿತ್ತಾಳೆ:
ಬಳೆ, ಕೊಕ್ಕೆ, ಕೀಲು, ತಿರುಗದ ಒಂದು ಗಾಲಿ.
ಯಾವುದು ಎಲ್ಲಿಗೆ ಸೇರಬೇಕೆಂದು ಬಲ್ಲವರು
ಯಾರೂ ಡಬ್ಬಿಯಲ್ಲಿರಲಿಲ್ಲ.

ಅರ್ಪುದರಾಜ್ ತಾತನಿಗೆ ಹೇಳಿ ಕಳಿಸಿದೆ.
ಚಾಂಪಿಯನ್ ರೀಫಿನ ಗಣಿಯಲ್ಲಿ ಮೂವತ್ತೊಂದು ವರ್ಷ
ಕೇಜಿನ ಹಗ್ಗ ಹೆಣೆದ ಕೈ.
ಹಾಯಿದೋಣಿ ಅವರು ಕಂಡದ್ದು ಕ್ಯಾಲೆಂಡರಿನಲ್ಲಿ ಮಾತ್ರ.
"ಹಗ್ಗ ಹಗ್ಗಾನೇ ಪಾಪಾ,
ಕೆಳಗೆ ಹೋದರೇನು, ಅಡ್ಡ ಹೋದರೇನು."

ಮೊದಲ ದಿನ ಏನನ್ನೂ ಜೋಡಿಸಲಿಲ್ಲ.
ತೊಲೆಯನ್ನು ಎರಡು ಡ್ರಮ್ಮುಗಳ ಮೇಲೆ ಮಲಗಿಸಿ
ಬೆರಳಿನಿಂದ ಸವರಿದರು, ಈ ತುದಿಯಿಂದ ಆ ತುದಿಗೆ.
ಸ್ಕ್ರೂ ಕಿತ್ತ ಆರು ತೂತು.
ಅಡಿಭಾಗದಲ್ಲಿ, ಎತ್ತಿನ ಹೆಗಲಂತೆ
ಸವೆದು ನುಣುಪಾದ ಒಂದು ಗೀರು.
"ಇಲ್ಲಿ ಹಗ್ಗ ಓಡಾಡಿದೆ," ಅಂದರು,
ಓಡಾಡಿದವನ ಹೆಸರು ಗೊತ್ತಿರುವಂತೆ.

ಗಾಲಿ ರಾತ್ರಿಯೆಲ್ಲ ಸೀಮೆಎಣ್ಣೆಯಲ್ಲಿ ಮುಳುಗಿತ್ತು.
ಬೆಳಿಗ್ಗೆ ಹುಣಸೆಹುಳಿ ಹಚ್ಚಿ ತಿಕ್ಕಿದೆ.
ಒಳಗಿನಿಂದ ಕಣಜದ ಗೂಡಿನ ಮಣ್ಣು ಉದುರಿತು
ಕಾಫಿಪುಡಿಯ ಹಾಗೆ,
ಆಮೇಲೆ ಗಾಲಿ ಕಿರ್ರೆಂದು ಅರ್ಧ ಸುತ್ತು,
ಆಮೇಲೆ ಸದ್ದೇ ಇಲ್ಲದೆ ಪೂರಾ.

ತೊಲೆ ಕಂಬಕ್ಕೆ ಸೇರುವಲ್ಲಿ ಬಾಗಿದ ಕೀಲು.
ಅದಕ್ಕೆ ಬೆಳ್ಳಕ್ಕಿ ಕೊರಳು ಅಂತ ನಾನೇ ಹೆಸರಿಟ್ಟೆ.
ಹಾಯಿಯ ಹಿಂದಿನ ಮೂಲೆಗೆ ಹಗ್ಗ ಕಟ್ಟಿ,
ಕಂಬದ ಹತ್ತಿರ ನಿಂತು ಎಳೆದೆ.
ಹಾಯಿ ಮುದುರಿ ಮುದುರಿ
ಅಂಗಿಯೊಳಗೆ ಕೈ ಸಿಕ್ಕಿಕೊಂಡ ಮಗುವಂತೆ
ನನ್ನ ಮಡಿಲಿಗೇ ಬಂದುಬಿಟ್ಟಿತು.
ಎರಡನೇ ಸಲವೂ ಅಷ್ಟೇ.
ತಾತ ಬೀಡಿ ಹಚ್ಚಿದರು. ಇದು ಅವರ ಲೆಕ್ಕದಲ್ಲಿರಲಿಲ್ಲ.

ಮೇವಿನ ಹೊರೆ ಇಳಿಸಿ ನೋಡುತ್ತಿದ್ದ ಮುನಿಯೆಲ್ಲಪ್ಪ
ನಗುತ್ತಾ ಕೇಳಿದ, "ಕಪಿಲೆ ನೋಡಿಲ್ವೇನಮ್ಮಾ?
ಎತ್ತು ಹೋಗೋದು ಬಾವಿಯಿಂದಾಚೆಗೆ,
ನೀರು ಬರೋದು ಬಾವಿಯೊಳಗಿಂದ.
ನಡುವೆ ಗಾಲಿ ಬ್ಯಾಡ್ವಾ?"

ಗಾಲಿ ನನ್ನ ಸೆರಗಿನ ಗಂಟಿನಲ್ಲೇ ಇತ್ತು.

ತೊಲೆಯ ಆ ಕೊನೆಯ ಸೀಳಿನಲ್ಲಿ ಅದನ್ನು ಕೂರಿಸಿ,
ಕೀಲು ತೂರಿಸಿ, ಹಗ್ಗವನ್ನು ಮೊದಲು ದೂರಕ್ಕೆ ಕಳಿಸಿದೆವು,
ಗಾಲಿ ಬಳಸಿ, ಹೊಟ್ಟೆಯಡಿಯ ಹಳೆಯ ಗೀರಿನಲ್ಲೇ ಮಲಗಿಸಿ
ಮತ್ತೆ ಕಂಬದ ಬುಡಕ್ಕೆ ತಂದೆವು.
ಈಗ ಹತ್ತಿರ ಎಳೆದರೆ ದೂರ ಹೋಗುತ್ತದೆ.
ಇಂಗ್ಲಿಷಿನಲ್ಲಿ ಇದಕ್ಕೆ ಔಟ್‌ಹಾಲ್ ಅನ್ನುತ್ತಾರಂತೆ.
ಹೊರಜಗ್ಗು, ಅಂದೆ.
ತಾತ ಎರಡು ಸಲ ಬಾಯಲ್ಲಿ ತಿರುಗಿಸಿ ನೋಡಿ,
ಪರವಾಗಿಲ್ಲ ಅಂತ ತಲೆಯಾಡಿಸಿದರು.

ಸಂಜೆ ಕಟ್ಟೆಯ ಕಡೆಯಿಂದ ಗಾಳಿ.
ದೋಣಿ ಇನ್ನೂ ಒಣನೆಲದಲ್ಲಿದೆ, ತಳದಲ್ಲಿ ಎರಡು ಬಿರುಕು,
ಡಬ್ಬಿಯಲ್ಲಿ ಯಾತಕ್ಕೂ ಸೇರದ ಒಂದು ವಾಷರು.
ಆದರೂ ಹಗ್ಗ ಹಿಡಿದು ನಿಂತೆ.
ತಾತ ತೊಲೆಗೆ ಕಿವಿಯಿಟ್ಟು
ಬೆರಳಗಂಟಿನಿಂದ ತಟ್ಟಿದರು,
ಟಕ್, ಟಕ್, ಟಕ್.
ಗಣಿಯಲ್ಲಿ ಮೂರು ಸದ್ದೆಂದರೆ
ಒಳಗೆ ಮನುಷ್ಯರಿದ್ದಾರೆ,
ಮೆಲ್ಲಗೆ.

ಮೆಲ್ಲಗೆ ಎಳೆದೆ.
ಹಾಯಿಯ ಅಂಚಿನ ನೆರಿಗೆಗಳು ಒಂದೊಂದಾಗಿ
ನನ್ನಿಂದ ಆಚೆಗೆ ನಡೆದು ಹೋದವು.