ಕೊಡದ ಗುಳಗಿ

ಅಂಬಾಸಾ ಕಾಕಾ ಬಂದದ್ದು ಹನ್ನೊಂದಕ್ಕೆ,
ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ
ಒಮ್ಮೆಲೇ ಬಾಯಿ ಮುಚ್ಚಿದ ಹೊತ್ತಿಗೆ.
ಗುಳೇದಗುಡ್ಡದಲ್ಲಿ ಹಂಗೇ,
ಖಟಖಟ ನಿಂತರೆ ನನ್ನ ಬಾಗಿಲಲ್ಲಿ ಪಾಳಿ.
ಸದ್ದು ಅಡಗಿದಾಗಲೇ ಜನಕ್ಕೆ
ತಮ್ಮ ಮೈ ಕೇಳಿಸುವುದು.

"ಸೂಜಿ ಒಂದ್ ಮಾಡಿಬಿಡ ಜೈತೂನವ್ವಾ,
ನಿಂತು ನಿಂತು ಟೊಂಕ ಸತ್ತೈತಿ."

ಮತ್ತೇನು ಔಷಧ ತಗೋತೀರಿ ಕಾಕಾ?
"ಏನೂ ಇಲ್ಲ."
ಬಿಪಿದು?
"ಅದು ದಿನಾ ಇದ್ದದ್ದ. ಅದೆಂಥಾ ಔಷಧ?"
ನೀರಿಳಿಸೋದು?
"ಅದೂ ಅದರ ಕೂಡನ."
ಅಂಗಡಿಯಿಂದ ತಂದದ್ದು?
ಕಾಕಾ ಗೋಡೆಯ ಮೇಲಿನ ಪೋಲಿಯೋ ಕೂಸನ್ನು
ಬಹಳ ಹೊತ್ತು ನೋಡಿದರು.

ನಮ್ಮ ಕಡೆ 'ಏನೂ ಇಲ್ಲ' ಅನ್ನುವುದು
ಒಂದು ಚೀಲದ ಹೆಸರು.
ಮೇಜಿನ ಮೇಲೆ ಸುರುವಿದೆ:
ಎಲಿ, ಅಡಕಿ, ಸುಣ್ಣದ ಡಬ್ಬಿ,
ಖಣದ ಅಂಚಿನ ಒಂದು ಹಸಿರು ಚೂರು,
ಹತ್ತರ ಪಟ್ಟಿ, ಮೂರು ಗೂಡು ಖಾಲಿ,
ಕೆಂಪು ಗುಳಗಿ, ನೋವಿನದು.

ಬಿಪಿ ನೂರಾ ಅರವತ್ತೆಂಟು.
ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ,
ಗುಣಿ ಹಾಗೇ ಉಳಿಯಿತು,
ನಾದಿದ ಹಿಟ್ಟಿನಲ್ಲಿ ಉಳಿದಂತೆ.
"ಮಗ್ಗದ ಮುಂದ ನಿಂತಿದ್ದಕ್ಕ ಬಾವು" ಅಂದರು.
ಇರಬಹುದು. ಇರಲಿಕ್ಕಿಲ್ಲ.

ಕಪಾಟಿನ ಕೀಲಿ ನನ್ನ ಸೊಂಟದಲ್ಲಿ.
ಒಳಗೆ ಅದೇ ಔಷಧ, ಬಣ್ಣ ಮಾತ್ರ ಬೇರೆ,
ಸರಕಾರದ ಮುದ್ರೆ, ಮುನ್ನೂರು ಗುಳಗಿ.
ಕೊಟ್ಟರೆ ಇವತ್ತು ಸಂಜೆಯವರೆಗೆ
ಈ ಓಣಿಗೆ ನಾನೇ ದೇವರು.

ವಿಜಯಪುರದಲ್ಲಿ ಕಲಿಯುವಾಗ ಒಬ್ಬ ಹುಡುಗಿ.
ಉಗುರು ಕಚ್ಚುತ್ತ ಕೂತಿದ್ದಳು.
ಹಿಂದೆ ಯಾವ ಔಷಧ ಮೈಗೆ ಆಗಿಬರಲಿಲ್ಲ ಅಂತ
ಕೇಳಬೇಕಿದ್ದ ತಾಯಿ ಚಹಾ ತರಲು ಹೋಗಿದ್ದಳು.
ನಾನು ಕಾಯಲಿಲ್ಲ. ಸಲ್ಫಾ ಕೊಟ್ಟೆ.
ಮರುದಿನ ತುಟಿ ಸುಲಿದಿತ್ತು.
ಬದುಕಿದಳು, ಹೌದು,
ಆದರೆ ಅಂದಿನಿಂದ ಯಾರದೇ ಚಹಾ ಆರಿ
ಕೆನೆ ಕಟ್ಟುವ ತನಕ
ನಾನು ಕಾಯುತ್ತೇನೆ.

ಕಾಕಾ, ಬೆನ್ನೊಳಗ ಎರಡು ಜರಡಿ ಅದಾವು.
ಒಂದು ಗುಳಗಿ ಮೈಯಾನ ನೀರು ಇಳಸ್ತೈತಿ.
ಬಿಪಿದು ಜರಡಿಯಿಂದ ಹೋಗೋ ಬಾಗಲಾ ಅಗಲ ಮಾಡ್ತೈತಿ.
ಈ ಕೆಂಪಂದು ಬರೋ ಬಾಗಲಾನ ಒತ್ತಿ ಹಿಡಿತೈತಿ.
ಮೂರೂ ಕೂಡಿದ್ರ ಜರಡಿಗೆ ಏನು ಉಳೀತು?

ಕಾಕಾ ಯೋಚಿಸಿದರು, ನೂಲು ಹರಿದಾಗ
ತುದಿ ಹುಡುಕುವವರ ಹಾಗೆ.
"ಹಂಗಾರ ಬಿಪಿದು ಬಿಟ್ಟಬಿಡ್ಲೇನು?"

ಯಾ ಅಲ್ಲಾ.
ಮತ್ತೆ ಮೊದಲಿನಿಂದ ಹೇಳಿದೆ.

ರಕ್ತ ಬಾಗಲಕೋಟೆಗೆ ಹೋಯಿತು,
ವಿಷಯ ಫೋನಿನಲ್ಲಿ ಡಾಕ್ಟರಿಗೆ.
ಕೈಗೆ ಪ್ಯಾರಾಸಿಟಮಾಲ್, ಆರೇ ಆರು,
ಬಾಯಿಗೆ ಉಪ್ಪಿನ ಗಂಟಿನ ಶಾಖದ ಮಾತು.
ಪಟ್ಟಿ ಕಸಿದುಕೊಳ್ಳಲಿಲ್ಲ:
ಕಸಿದರೆ ಅಂಗಡಿ ಇನ್ನೂರು ಹೆಜ್ಜೆ.
ಎದುರಿಗೇ ಎಣಿಸಿ ವಾಪಸು ಕೊಟ್ಟೆ. ಏಳು.

"ಸೂಜಿ ಇಲ್ಲದ ದವಾಖಾನಿ" ಅನ್ನುತ್ತ ಹೋದರು.
ಕಿಟಕಿಯಲ್ಲಿ ನಿಂತು ನೋಡಿದೆ,
ಎಡಕ್ಕೆ ಮನೆ, ಬಲಕ್ಕೆ ಅಂಗಡಿ.
ಅಷ್ಟರಲ್ಲಿ ಕರೆಂಟು ಬಂತು,
ಯಾರದೋ ಕೂಸು ಮೇಜಿನ ಮೇಲೆ ಉಚ್ಚಿ ಹೊಯ್ದಿತು,
ಕಾಕಾ ಎತ್ತ ತಿರುಗಿದರೋ ಕಾಣಲಿಲ್ಲ.

ಮುಂದಿನ ವಾರ ತಾವೇ ಪಟ್ಟಿ ತೆಗೆದಿಟ್ಟರು.
ಆರು.
"ಮಂಗಳವಾರ ಒಂದು. ತಡಿಲಿಕ್ಕ ಆಗಲಿಲ್ಲವ್ವಾ."
ಪಾದ ಒತ್ತಿದೆ. ಗುಣಿ ಇತ್ತು,
ಆದರೆ ನಾನು ಹೆಸರು ಬರೆಯುವಷ್ಟರಲ್ಲಿ
ತುಂಬಿಕೊಂಡಿತು.

ನಮ್ಮ ರಿಜಿಸ್ಟರಿನಲ್ಲಿ ಕೊಟ್ಟ ಔಷಧಕ್ಕೆ
ಕಾಲಂ ಉಂಟು: ಹೆಸರು, ಎಷ್ಟು, ಎಷ್ಟು ದಿನ.
ಕೊಡದ್ದಕ್ಕೆ ಇಲ್ಲ.
ಅಂಚಿನಲ್ಲಿ, ಗೆರೆಯ ಹೊರಗೆ,
ಪೆನ್ಸಿಲ್ಲಿನಲ್ಲಿ ಆರು ಅಂತ ಬರೆದೆ.

"ಏನ ಬರದಿ?" ಅಂತ ಕಾಕಾ ಬಗ್ಗಿ ನೋಡಿದರು.
ನಿಮ್ಮ ಗಳಿಕಿ ಅಂದೆ.
"ಹಂಗಾರ ಇವತ್ತರ ಸೂಜಿ ಮಾಡ."