ಪೆದ್ದನ ನಿಲುವು

ಗುತ್ತಲು ರಸ್ತೆಯ ಆಲೆಮನೆ. ಅರೆಯುವ ಕಾಲವಲ್ಲ,
ಕೊಪ್ಪರಿಗೆ ಬೋರಲು. ಸುಣ್ಣದಲ್ಲಿ ಗೆರೆ ಎಳೆದು
ನಾಲ್ಕು ನಿಲುವು ಹೇಳಿಕೊಟ್ಟೆ,
ಜರ್ಮನಿಯ ಹಳೇ ಕತ್ತಿಗುರುಗಳಿಟ್ಟ ಹೆಸರು:
ಸೂರು. ಎತ್ತು. ನೇಗಿಲು. ಪೆದ್ದ.

ಕೆಂಪಾಜಮ್ಮನ ಮಗಳು ಮಾದೇವಿ ಕಿಸಕ್ಕನೆ ನಕ್ಕಳು:
"ಇದ್ಯಾವ ಸೀಮೆ ಯೂರೋಪು ಸಾ,
ನಮ್ಮಟ್ಟಿ ಲೆಕ್ಕ ಬರ್ಕೊಂಡೋಗವ್ರೆ.
ಪೆದ್ದ ಅಂದ್ರೆ ನಮ್ಮಣ್ಣ."

ನಾನು ನಗಲಿಲ್ಲ. ಮೇಷ್ಟರಾಗಿ ಆರೇ ತಿಂಗಳು.
ಮೊಣಕೈ ಒಳಗೆ, ಅಂದೆ. ಏಟಿನ ಜೊತೆಗೇ ಹೆಜ್ಜೆ.
(ನನ್ನ ಹೆಜ್ಜೆ ಇನ್ನೂ ತಡ.)

ಮಾಸ್ಕಿನೊಳಗೆ ಬೆವರು, ಹಳೇ ಬೆಲ್ಲದ ವಾಸನೆ.
ಅವಳು ಕತ್ತಿ ಇಳಿಸಿದಳು, ಮೊನೆ ನೆಲಕ್ಕೆ,
ನೆತ್ತಿ, ಎದೆ ಎಲ್ಲ ತೆರೆದು,
ಸನಿಕೆ ಊರಿ ಗದ್ದೆಗೆ ನೀರು ತಿರುಗಿಸುವವಳ ಹಾಗೆ.
ಬಾಗಿಲು ತೆರೆದಿದೆಯೆಂದು ನುಗ್ಗಿದೆ,
ಸೂರಿನಿಂದ, ನೇರ ನೆತ್ತಿಗೆ.

ಅರ್ಧ ಹೆಜ್ಜೆ. ಅವಳಲ್ಲಿರಲಿಲ್ಲ.
ನೈಲಾನ್ ಮೊನೆ ನನ್ನ ಪಕ್ಕೆಲುಬು ಮುಟ್ಟಿತು,
ಹಲಸು ಹಣ್ಣಾಗಿದೆಯೇ ಎಂದು
ಒತ್ತಿ ನೋಡುವಷ್ಟು ಮೆತ್ತಗೆ.

ಮೊದಲ ದಿನ ನಾನೇ ಕಲಿಸಿದ್ದು:
ಏಟು ತಿಂದವರೇ ಕೈ ಎತ್ತಬೇಕು,
ಯಾರೂ ಕೇಳುವ ಮೊದಲೇ.

ಎರಡುಸಿರು ತಡವಾಯಿತು.
"ತಾಗಿತು," ಅಂದೆ.

"ಗೊತ್ತು ಸಾ. ಇನ್ನೊಂದ್ಸಲ ಬನ್ನಿ.
ಈಗ ನೀವು ಪೆದ್ದ."